ಬಿಯರ್ ಯಂತ್ರ ಕೊಳ್ಳುವವರೇ, ಮೊದಲು ಕಾಯಿಲಿನ ವ್ಯಾಟ್ ನೋಡಿ

ಕೆಲವು ತಿಂಗಳಿಂದ ನನಗೆ ಬರುತ್ತಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಗೆ ಬೇರೆ ಬೇರೆ ಅಂಗಿ ತೊಡಿಸಿದಂತಿವೆ: ಕರೆಂಟಿನಲ್ಲಿ ನಡೆಯುವ ಆಲ್-ಇನ್-ಒನ್ ಬಿಯರ್ ಯಂತ್ರಗಳಲ್ಲಿ ಯಾವುದು ಒಳ್ಳೆಯದು? ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ, ಇಲ್ಲಿ ಒಟ್ಟಿಗೇ ಹೇಳಿಬಿಡುತ್ತೇನೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಂಥ ಕಾಳು ಮಾಲ್ಟ್, ಬಿಯರಿಗೆ ಕಹಿ ಕೊಡುವ ಹೂವು ಹಾಪ್ಸ್, ಇದಕ್ಕಿಂತ ಹೆಚ್ಚು ವಿವರಿಸುತ್ತ ಕೂರುವುದಿಲ್ಲ. ಯಂತ್ರ ಕೊಳ್ಳುವ ಹಂತಕ್ಕೆ ಬಂದವರಿಗೆ ಅಷ್ಟು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ದುಡ್ಡು ಬ್ಯಾಂಕಿನಲ್ಲೇ ಇರಲಿ.

ಪ್ರಶ್ನೆ: ಮೈಸೂರಿನ ವಿಜಯನಗರದಲ್ಲಿ ಸ್ವಂತ ಮನೆ ಇದೆ, ಮಹಡಿಯ ಕೋಣೆ ಖಾಲಿ ಇದೆ. ವಿದೇಶದಿಂದ ಯಂತ್ರ ತರಿಸಿ ಮನೆಮಟ್ಟಿಗೆ ಬಿಯರ್ ಮಾಡಿಕೊಳ್ಳಬಹುದೆ? ಮಾರುವ ಉದ್ದೇಶವಿಲ್ಲ. ಯಾರಿಗೂ ಗೊತ್ತಾಗಲ್ಲ ಸಾರ್.

ಬೇಡ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದೇ ಅಪರಾಧ. ಮಾರುತ್ತೀರೋ ಇಲ್ಲವೋ ಎನ್ನುವುದು ಆಮೇಲಿನ ಮಾತು. ತಯಾರಿಸಲೆಂದು ಸಲಕರಣೆ ಇಟ್ಟುಕೊಂಡಿರುವುದೂ ಅದೇ ಕಾಯ್ದೆಯ ಅಡಿ ಬರುತ್ತದೆ. ಬ್ರಿಟನ್ 1963ರಲ್ಲೇ ಮನೆಬಿಯರಿಗೆ ಲೈಸೆನ್ಸ್ ಬೇಡವೆಂದಿತು, ಅಮೆರಿಕ 1978ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿತು. ನಮ್ಮಲ್ಲೂ ಹಾಗಾಗಬೇಕೆಂದು ನನಗೆ ಮನಸಾರೆ ಅನ್ನಿಸುತ್ತದೆ. ಆಗುವವರೆಗೆ ನಿಮ್ಮ ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಡಿ. "ಗೊತ್ತಾಗಲ್ಲ" ಎಂದು ಬರೆಯುವವರಿಗೆ ಇನ್ನು ಉತ್ತರಿಸುವುದಿಲ್ಲ.

ಪ್ರಶ್ನೆ: ನಾನು ಕುವೆಂಪುನಗರದವಳು, ಎರಡು ವರ್ಷದಿಂದ ಮೆಲ್ಬರ್ನಿನಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ಗ್ರೇನ್‌ಫಾದರ್ ಜಿ30, ಬ್ರೂಜಿಲ್ಲಾ 35 ಲೀಟರ್, ಬ್ರಾಮೈಸ್ಟರ್ 20 ಲೀಟರ್ ಈ ಮೂರನ್ನು ಎಕ್ಸೆಲ್ ಶೀಟಿನಲ್ಲಿ ಹೋಲಿಸಿ ಕಳಿಸಿದ್ದೇನೆ. ಯಾವುದು ತೆಗೆದುಕೊಳ್ಳಲಿ? ಮುಂದೆ ಊರಿಗೆ ಬರುವಾಗ ತರಲಿಕ್ಕೂ ಆಗುವಂಥದ್ದಿದ್ದರೆ ಒಳ್ಳೆಯದು.

ಕೊನೆಯ ಮಾತಿಗೆ ಉತ್ತರ ಮೇಲೆಯೇ ಇದೆ. ಊರಿಗೆ ತರುವ ಯೋಚನೆ ಬಿಡಿ.

ನಿಮ್ಮ ಶೀಟ್ ನೋಡಿದೆ ಅಮ್ಮ. ಆಪ್ ಇದೆಯೆ, ವೈಫೈ ಇದೆಯೆ, ಪರದೆ ಬಣ್ಣದ್ದೆ, ಎಷ್ಟು ರೆಸಿಪಿ ತುಂಬಿ ಕೊಡುತ್ತಾರೆ, ಎಲ್ಲಕ್ಕೂ ಒಂದೊಂದು ಕಾಲಂ. ವ್ಯಾಟ್‌ಗೆ ಕಾಲಂ ಇಲ್ಲ. ನನಗೆ ಬರುವ ಶೀಟುಗಳೆಲ್ಲ ಹೀಗೇ ಇರುತ್ತವೆ, ಸಿಟ್ಟು ಬರುವುದೂ ಇಲ್ಲೇ. ಈ ಮೂರೂ ಯಂತ್ರಗಳು ಮೂಲತಃ ಕಾಯಿಲ್ ಮತ್ತು ಪಂಪ್ ಇರುವ ಸ್ಟೀಲ್ ಪಾತ್ರೆಗಳು. ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿ ಬಸಿಯುವುದು, ಬಸಿದ ಆ ಸಿಹಿನೀರನ್ನು, ಅಂದರೆ ವರ್ಟನ್ನು, ಹಾಪ್ಸ್ ಜೊತೆ ಕುದಿಸುವುದು, ಇವೆರಡೇ ಕೆಲಸ. ಕುದಿಸುವುದಕ್ಕೆ ಬೇಕಾದದ್ದು ಶಾಖ. ಅದು ಕೊಡುವುದು ವ್ಯಾಟ್, ಆಪ್ ಅಲ್ಲ.

ಲೆಕ್ಕ ಹಾಕೋಣ. ಸುಮಾರು 23 ಲೀಟರ್ ಬಿಯರಿಗೆ 27 ಲೀಟರ್ ವರ್ಟ್ ಕುದಿಗೆ ಬರಬೇಕು. ಅದನ್ನು 67 ಡಿಗ್ರಿಯಿಂದ 100ಕ್ಕೆ ಏರಿಸಲು 2000 ವ್ಯಾಟಿನ ಗ್ರೇನ್‌ಫಾದರಿಗೆ 31 ನಿಮಿಷ, 2400 ವ್ಯಾಟಿನ ಬ್ರೂಜಿಲ್ಲಾಕ್ಕೆ 26 ನಿಮಿಷ. ಪಾತ್ರೆಯ ಮೈಯಿಂದ ಸೋರುವ ಶಾಖ ಸೇರಿಸಿದರೆ ಎರಡೂ ಇನ್ನಷ್ಟು ಉದ್ದವಾಗುತ್ತವೆ. ಐದು ನಿಮಿಷದ ವ್ಯತ್ಯಾಸಕ್ಕೆ ಇಷ್ಟು ಮಾತೇಕೆ ಅನ್ನಬೇಡಿ. ಕಾಯಿಸುವಾಗ ಐದು ನಿಮಿಷವಾಗಿ ಕಾಣುವುದು ಕುದಿಯುವಾಗ ಬೇರೆಯೇ ರೂಪ ತಾಳುತ್ತದೆ. ಪಿಲ್ಸ್‌ನರ್ ಎಂಬ ತಿಳಿ ಬಣ್ಣದ ಮಾಲ್ಟಿನಲ್ಲಿರುವ ಒಂದು ವಸ್ತು ಬಿಸಿಗೆ ಒಡೆದು ಡೈಮಿಥೈಲ್ ಸಲ್ಫೈಡ್ ಆಗುತ್ತದೆ. ಮುಚ್ಚಳ ತೆಗೆದು ಕೊತಕೊತನೆ ಕುದಿಸಿದರೆ ಅದು ಆವಿಯ ಜೊತೆ ಹೊರಗೆ ಹೋಗುತ್ತದೆ. ಮೇಲ್ಮೈ ಬರೀ ನಡುಗುತ್ತ ನಿಂತರೆ ಒಳಗೇ ಉಳಿದು, ಬಾಟಲಿ ತೆರೆದಾಗ ಬೇಯಿಸಿದ ಎಲೆಕೋಸಿನ ವಾಸನೆಯಾಗಿ ಎದುರು ಬರುತ್ತದೆ.

ಇದನ್ನು ನಾನು ಕಲಿತದ್ದು ಮಂಡ್ಯದ ಕಡೆ, ಲೈಸೆನ್ಸ್ ಇದ್ದ ಒಂದು ಘಟಕದಲ್ಲಿ. ಹೊಸ ರೆಸಿಪಿಗಳ ಪರೀಕ್ಷೆಗೆ 30 ಲೀಟರಿನ 2000 ವ್ಯಾಟ್ ಯಂತ್ರ ಇಟ್ಟುಕೊಂಡಿದ್ದೆವು. ಏಪ್ರಿಲ್ ತಿಂಗಳು, ಸುತ್ತಲ ಗದ್ದೆಗಳ ಪಂಪ್‌ಸೆಟ್ಟುಗಳೆಲ್ಲ ಓಡುತ್ತಿದ್ದ ಹೊತ್ತು. ಒಂದು ಗಂಟೆ ಕಾದರೂ ಕುದಿ ಹತ್ತಲಿಲ್ಲ. ಯಂತ್ರ ಕೆಟ್ಟಿದೆ ಎಂದು ಬೈದುಕೊಂಡೆ. ಕೊನೆಗೆ ಮಲ್ಟಿಮೀಟರ್ ಹಚ್ಚಿದರೆ ಪ್ಲಗ್ಗಿನಲ್ಲಿ 190 ವೋಲ್ಟ್. ವೋಲ್ಟೇಜ್ ಇಳಿದಷ್ಟೇ ಶಾಖ ಇಳಿಯುವುದಿಲ್ಲ, ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230ರ ಜಾಗದಲ್ಲಿ 190 ಬಂದರೆ 2000 ವ್ಯಾಟ್ ಕಾಯಿಲ್ ಕೊಡುವುದು 1365 ವ್ಯಾಟ್ ಮಾತ್ರ, ಮೂರರಲ್ಲಿ ಒಂದು ಪಾಲು ಮಾಯ. ಆ ಬಾರಿಯ ಬಿಯರನ್ನು ಪೂರ್ತಿ ಚರಂಡಿಗೆ ಸುರಿದೆವು. ಮೆಲ್ಬರ್ನಿನಲ್ಲಿ ನಿಮಗೆ ಆ ಕಷ್ಟ ಬರಲಾರದು. ಆದರೆ ಅಮೆರಿಕದಲ್ಲಿರುವ ಓದುಗರು ಕೇಳಿಸಿಕೊಳ್ಳಿ: ಅಲ್ಲಿಯ 120 ವೋಲ್ಟ್ ಪ್ಲಗ್ಗಿಗೆ ಮಾಡಿದ ಯಂತ್ರಗಳು ಸಾಮಾನ್ಯವಾಗಿ 1600 ವ್ಯಾಟಿನವು. ಆನ್ವಿಲ್ ಫೌಂಡ್ರಿಯ 10.5 ಗ್ಯಾಲನ್ ಮಾದರಿಯಂಥದ್ದು 240 ವೋಲ್ಟಿನಲ್ಲೂ ನಡೆಯುತ್ತದೆ, ಆಗ 2800 ವ್ಯಾಟ್. ಮನೆಯಲ್ಲಿ 240ರ ಪಾಯಿಂಟ್ ಇಲ್ಲದವರು ಯಂತ್ರದ ಮೈಗೆ ಹೊದಿಕೆ ಸುತ್ತಿ, ಅರ್ಧ ಪ್ರಮಾಣದಲ್ಲಿ ಮಾಡಿ.

ಎರಡನೆಯದು ವರ್ಟ್ ಮಾಲ್ಟಿನೊಳಗೆ ಹೇಗೆ ಹರಿಯುತ್ತದೆ ಎನ್ನುವುದು. ಗ್ರೇನ್‌ಫಾದರ್, ಬ್ರೂಜಿಲ್ಲಾ ಎರಡರಲ್ಲೂ ಪಂಪ್ ಕೆಳಗಿನ ವರ್ಟನ್ನು ಎತ್ತಿ ಮಾಲ್ಟಿನ ಮೇಲೆ ಸುರಿಯುತ್ತದೆ, ಅದು ಬಸಿದು ಕೆಳಗಿಳಿಯುತ್ತದೆ. ಮಾಲ್ಟನ್ನು ನುಣ್ಣಗೆ ಒಡೆದಿದ್ದರೆ ಬಸಿಯುವುದೇ ಇಲ್ಲ. ಮೇಲೆ ಸುರಿದದ್ದೆಲ್ಲ ನಡುವಿನ ಕೊಳವೆಯಿಂದ ನೇರ ಕೆಳಗೆ ಓಡುತ್ತದೆ. ಪಂಪ್ ಓಡುತ್ತಿದೆ, ಪರದೆ 66 ಡಿಗ್ರಿ ತೋರಿಸುತ್ತಿದೆ, ನೀವು ನಿಶ್ಚಿಂತೆಯಿಂದ ಕೂತಿರುತ್ತೀರಿ. ಆ ಸೆನ್ಸರ್ ಇರುವುದು ಪಾತ್ರೆಯ ತಳದಲ್ಲಿ, ಕಾಯಿಲ್ ಹತ್ತಿರ. ಮಾಲ್ಟಿನ ನಡುಮಧ್ಯೆ ಮೂರು ನಾಲ್ಕು ಡಿಗ್ರಿ ಕಡಿಮೆ ಇರುವುದನ್ನು ನಾನೇ ಅಳೆದು ನೋಡಿದ್ದೇನೆ. 63ಕ್ಕೂ 68ಕ್ಕೂ ನಡುವೆ ಕಿಣ್ವಗಳ ಕೆಲಸವೇ ಬದಲಾಗುತ್ತದೆ: ಕೆಳಗಿದ್ದರೆ ಬಿಯರ್ ತೆಳು ಮತ್ತು ಒಣ, ಮೇಲಿದ್ದರೆ ದಪ್ಪ ಮತ್ತು ಸಿಹಿ. ಒಂದು ಒಳ್ಳೆಯ ಥರ್ಮಾಮೀಟರನ್ನು ಮಾಲ್ಟಿನ ಮಧ್ಯಕ್ಕೆ ಚುಚ್ಚಿ ನೋಡಿ, ಪರದೆಯನ್ನು ನಂಬಬೇಡಿ. ಗೋಧಿ ಮಾಲ್ಟ್ ಹೆಚ್ಚಿರುವ ಬಿಯರಿಗೆ ಒಂದೆರಡು ಹಿಡಿ ಭತ್ತದ ಹೊಟ್ಟು ಬೆರೆಸಿ. ಮಂಡ್ಯದ ಅಕ್ಕಿ ಗಿರಣಿಗಳ ಹಿಂದೆ ರಾಶಿ ಬಿದ್ದಿರುವ ಅದೇ ಹೊಟ್ಟನ್ನು ತೊಳೆದು ಒಣಗಿಸಿ ಪ್ಯಾಕೆಟ್ ಮಾಡಿ ನಿಮ್ಮೂರಿನ ಬ್ರೂ ಅಂಗಡಿಗಳಲ್ಲಿ ಮಾರುತ್ತಾರೆ. ಅದು ಮಾಲ್ಟಿನ ನಡುವೆ ದಾರಿ ಬಿಡಿಸುತ್ತದೆ.

ಜರ್ಮನಿಯ ಸ್ಪೈಡೆಲ್ ಕಂಪನಿಯ ಬ್ರಾಮೈಸ್ಟರ್ ಉಲ್ಟಾ ನಡೆಯುತ್ತದೆ. ಮಾಲ್ಟ್ ತುಂಬಿದ ಕೊಳವೆಯ ಮೇಲೂ ಕೆಳಗೂ ಜರಡಿ ಬಿಗಿದಿರುತ್ತದೆ, ಪಂಪ್ ವರ್ಟನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ, ಅದು ಅಂಚಿನಿಂದ ಉಕ್ಕಿ ಹೊರಗೆ ಇಳಿಯುತ್ತದೆ. ಹರಿವು ಸಮನಾಗಿರುತ್ತದೆ, ಹಂತ ಹಂತವಾಗಿ ಬಿಸಿ ಏರಿಸುವ ಜರ್ಮನ್ ಪದ್ಧತಿಗೆ ಇದಕ್ಕಿಂತ ಒಪ್ಪುವ ಯಂತ್ರ ನಾನು ಕಂಡಿಲ್ಲ. ಆದರೆ ಕೊಳವೆ ಹಿಡಿಸುವಷ್ಟೇ ಮಾಲ್ಟ್, ಹಾಗಾಗಿ 20 ಲೀಟರಿನದರಲ್ಲಿ ಗಟ್ಟಿ ಬಿಯರ್ ಕಷ್ಟ. ಬೆಲೆಯಂತೂ ಬ್ರೂಜಿಲ್ಲಾದ ಹಲವು ಪಟ್ಟು. ನೀವು ಮಾಡಬೇಕೆಂದು ಬರೆದಿರುವುದು ಪೇಲ್ ಏಲ್ ಮತ್ತು ಸ್ಟೌಟ್. ಅವೆರಡಕ್ಕೂ ಒಂದೇ ಉಷ್ಣತೆಯ ಮ್ಯಾಶ್, ಅಂದರೆ ಮಾಲ್ಟ್ ನೆನೆಸುವಿಕೆ, ಸಾಕು. ಆ ಹಣ ವ್ಯರ್ಥ.

ಇನ್ನು ಜಿ30. ಕುದಿದ ವರ್ಟನ್ನು ತಣ್ಣೀರಿನಿಂದ ತಣಿಸಲು ಜೊತೆಗೇ ಬರುವ ಕೌಂಟರ್‌ಫ್ಲೋ ಚಿಲ್ಲರ್ ಬಹಳ ಚೆನ್ನಾಗಿದೆ, ಕೆಲಸ ಅಚ್ಚುಕಟ್ಟು. ಕೈಪಿಡಿಯ ಲೆಕ್ಕದಂತೆ ಐದು ಕಿಲೋ ಮಾಲ್ಟಿಗೆ ಮ್ಯಾಶ್ ನೀರು 17 ಲೀಟರ್, ಉಳಿದ ನೀರನ್ನು ಬೇರೆ ಪಾತ್ರೆಯಲ್ಲಿ ಬಿಸಿ ಮಾಡಿ ಮೇಲಿಂದ ಸುರಿಯಬೇಕು. ಆ ಎರಡನೇ ಪಾತ್ರೆಯ ಖರ್ಚು ಯಾರ ಶೀಟಿನಲ್ಲೂ ಇರುವುದಿಲ್ಲ. ಬ್ರೂಜಿಲ್ಲಾದಲ್ಲೂ ಹೀಗೆ ಮೇಲಿಂದ ನೀರು ಸುರಿಯುವುದಾದರೆ (ಇದಕ್ಕೆ ಸ್ಪಾರ್ಜ್ ಎನ್ನುತ್ತಾರೆ) ಅಲ್ಲೂ ಬೇಕು.

ಮೂರನೆಯ ಮಾತಿಗೆ ಬರುತ್ತೇನೆ, ಎಲ್ಲಕ್ಕಿಂತ ಮುಖ್ಯವಾದದ್ದು. ಈ ಮೂರು ಯಂತ್ರಗಳ ಕೆಲಸ ವರ್ಟ್ ತಣಿಯುವುದರೊಂದಿಗೆ ಮುಗಿಯಿತು. ಬಿಯರ್ ಮಾಡುವುದು ಯೀಸ್ಟ್, ಅದೂ ಇನ್ನೊಂದು ಪಾತ್ರೆಯಲ್ಲಿ, ಮುಂದಿನ ಎರಡು ವಾರ. ಏಲ್ ಯೀಸ್ಟಿಗೆ 18ರಿಂದ 20 ಡಿಗ್ರಿ ಬೇಕು. ಹುದುಗು ಜೋರಾದಾಗ ಅದರ ಸ್ವಂತ ಶಾಖವೇ ಮೂರು ನಾಲ್ಕು ಡಿಗ್ರಿ ಏರಿಸುತ್ತದೆ. ಮೆಲ್ಬರ್ನಿನ ಜನವರಿಯಲ್ಲಿ ನಿಮ್ಮ ಗ್ಯಾರೇಜಿನಲ್ಲಿ ಇಟ್ಟರೆ ಅದು 30 ದಾಟುತ್ತದೆ, ಬಿಯರ್ ಪೇಂಟಿನ ತಿನ್ನರ್ ವಾಸನೆ ಹೊಡೆಯುತ್ತದೆ. ಅದನ್ನು ಕುದಿಸಿದ್ದು ಯಾವ ಯಂತ್ರ ಎಂಬ ಗುರುತೇ ಸಿಗುವುದಿಲ್ಲ. ಆದ್ದರಿಂದ ನನ್ನ ತೀರ್ಮಾನ: ಬ್ರೂಜಿಲ್ಲಾ 35 ತೆಗೆದುಕೊಳ್ಳಿ. ಉಳಿಯುವ ಹಣದಲ್ಲಿ ಒಂದು ಹಳೆಯ ಫ್ರಿಜ್, ಅದಕ್ಕೊಂದು ಥರ್ಮೋಸ್ಟಾಟ್, ನೀರು ಕಾಯಿಸುವ ಎರಡನೇ ಪಾತ್ರೆ. ಮನೆಗೆ ಬಂದ ದಿನ ಬರೀ ನೀರಿನಲ್ಲಿ ಒಂದು ಸಲ ಪೂರ್ತಿ ನಡೆಸಿ, ಸೋರುತ್ತದೆಯೇ ನೋಡಿ. ಬ್ರೂಜಿಲ್ಲಾದ 65 ಲೀಟರಿನದಕ್ಕೆ ಆಸೆಪಡಬೇಡಿ, ಅದರ 3500 ವ್ಯಾಟಿಗೆ 15 ಆಂಪಿಯರ್ ಪಾಯಿಂಟ್ ಬೇಕು, ನಿಮ್ಮ ಬಾಡಿಗೆ ಮನೆಯ ಸಾಮಾನ್ಯ ಪ್ಲಗ್ 10ರದ್ದು.

ಆಪ್ ಬಗ್ಗೆ ಒಂದೇ ಎಚ್ಚರಿಕೆ. ಸಿಯಾಟಲ್‌ನ ಪಿಕೋಬ್ರೂ ಕಂಪನಿಯ ಯಂತ್ರಗಳು ರೆಸಿಪಿಗೆ ಕಂಪನಿಯ ಸರ್ವರನ್ನೇ ನೆಚ್ಚಿದ್ದವು. 2020ರಲ್ಲಿ ಕಂಪನಿ ಮುಳುಗಿತು, ಕೊಂಡವರು ಪರದಾಡಿದರು. ಇಂಟರ್‌ನೆಟ್ ತೆಗೆದರೆ ಗುಂಡಿ ಒತ್ತಿ ನಡೆಸಲಾಗದ ಯಂತ್ರವನ್ನು ಮನೆಗೆ ತರಬೇಡಿ.

ಇನ್ನೊಂದು, ಬುಟ್ಟಿ ಎತ್ತುವುದು. ಐದು ಕಿಲೋ ಮಾಲ್ಟ್ ನೀರು ಕುಡಿದು ಹತ್ತು ಕಿಲೋ ಆಗಿರುತ್ತದೆ, 75 ಡಿಗ್ರಿ ಬಿಸಿ, ಸೊಂಟದ ಎತ್ತರದಿಂದ ಮೇಲಕ್ಕೆ ಎತ್ತಬೇಕು. ನನ್ನ ಎಡ ಪಾದದ ಮೇಲೆ ಅದರ ಕಲೆ ಇನ್ನೂ ಇದೆ. ಯಂತ್ರವನ್ನು ಮೇಜಿನ ಮೇಲಲ್ಲ, ನೆಲದ ಹತ್ತಿರ ಇಡಿ, ಮುಚ್ಚಿದ ಬೂಟು ಹಾಕಿ, ಒಬ್ಬರೇ ಇರುವಾಗ ಎತ್ತಬೇಡಿ. ಪ್ಲಗ್ಗಿನ ಹಿಂದೆ ಶಾಕ್ ಹೊಡೆದರೆ ಕರೆಂಟ್ ಕಡಿಯುವ ಸ್ವಿಚ್ ಇದೆಯೆಂದು ಮನೆಯ ಮಾಲೀಕರ ಹತ್ತಿರ ಖಾತ್ರಿ ಮಾಡಿಕೊಳ್ಳಿ. ಇದಿಲ್ಲದೆ ಶುರು ಮಾಡಲೇಬೇಡಿ.

ಪ್ರಶ್ನೆ: ದಿನಕ್ಕೆ ಎರಡು ಬಾಟಲಿ ಬಿಯರ್ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆಂದು ಮದ್ದೂರು ಕಡೆಯ ಒಬ್ಬ ನಾಟಿ ವೈದ್ಯರು ಹೇಳಿದ್ದಾರೆ. ಮನೆಯಲ್ಲಿ ಮಾಡಿದ್ದಾದರೆ ಇನ್ನೂ ಒಳ್ಳೆಯದೆ?

ಕರಗುವುದಿಲ್ಲ. ಯಾವ ಬಿಯರಿಗೂ ಕರಗುವುದಿಲ್ಲ. ಬಿಯರ್ ಕುಡಿದಾಗ ಮೂತ್ರ ಹೆಚ್ಚು ಹೋಗುವುದನ್ನು ಕಂಡು ಕಟ್ಟಿದ ಕತೆ ಇದು. ಆಲ್ಕೋಹಾಲ್ ಆಮೇಲೆ ದೇಹವನ್ನು ಒಣಗಿಸುತ್ತದೆ, ಬಿಯರಿನಲ್ಲಿರುವ ಪ್ಯೂರಿನ್ ಯೂರಿಕ್ ಆಮ್ಲ ಹೆಚ್ಚಿಸುತ್ತದೆ, ಆ ಆಮ್ಲದಿಂದಲೇ ಆಗುವ ಕಲ್ಲುಗಳೂ ಇವೆ. ನೋವಿನಿಂದ ಒದ್ದಾಡುವವರಿಗೆ ಇಂಥ ಸಲಹೆ ಕೊಡುವವರನ್ನು ವೈದ್ಯರೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ನೀರು ಕುಡಿಯಿರಿ, ಸ್ಕ್ಯಾನ್ ಮಾಡಿಸಿ, ಮೂತ್ರರೋಗ ತಜ್ಞರನ್ನು ಕಾಣಿ. ಈ ವಾರವೇ.

ಪ್ರಶ್ನೆ: ಅಂಗಡಿ ಬಿಯರಿನ ಬಾಟಲಿಯನ್ನು ನೀರಿನಲ್ಲಿ ತಲೆಕೆಳಗು ಮಾಡಿದರೆ ಗ್ಲಿಸರಿನ್ ಇಳಿಯುವುದು ಕಾಣುತ್ತದಂತೆ, ಮನೆಬಿಯರಿನಲ್ಲಿ ಅದು ಇರುವುದಿಲ್ಲವೆ?

ಇಳಿಯುವುದು ಬಿಯರೇ, ಅದು ನೀರಿಗಿಂತ ಭಾರ. ಸ್ವಲ್ಪ ಗ್ಲಿಸರಿನ್ನನ್ನು ಯೀಸ್ಟ್ ತಾನೇ ಮಾಡುತ್ತದೆ, ಎಲ್ಲ ಬಿಯರಿನಲ್ಲೂ.

ಪ್ರಶ್ನೆ: ಮಂಡ್ಯದ ಬೆಲ್ಲ ಹಾಕಿ ಬಿಯರ್ ಮಾಡಿದರೆ ಹೇಗೆ? (ದುಬೈಯಿಂದ ಒಬ್ಬರು, ಡಬ್ಲಿನ್ನಿನಿಂದ ಇನ್ನೊಬ್ಬರು)

ದುಬೈಯವರು ಅಲ್ಲಿಯ ಕಾನೂನು ಓದಿಕೊಳ್ಳಿ, ನನ್ನನ್ನು ಕೇಳಬೇಡಿ. ಡಬ್ಲಿನ್ನಿನವರು ಮಾಲ್ಟಿನ ಹತ್ತನೇ ಒಂದು ಭಾಗ ಮೀರಬೇಡಿ. ಯೀಸ್ಟ್ ಬೆಲ್ಲದ ಸಕ್ಕರೆಯನ್ನೆಲ್ಲ ತಿಂದುಬಿಡುತ್ತದೆ, ಬಿಯರ್ ತೆಳ್ಳಗಾಗಿ ಅಮಲು ಮಾತ್ರ ಏರುತ್ತದೆ. ಕುದಿಯ ಕೊನೆಯ ಹತ್ತು ನಿಮಿಷಕ್ಕೆ ಒಲೆ ಆರಿಸಿ, ಬೆಲ್ಲ ಪೂರ್ತಿ ಕರಗಿಸಿ, ಮತ್ತೆ ಕುದಿಸಿ. ಕಾಯಿಲ್ ಬಿಸಿಯಿದ್ದಾಗ ಉಂಡೆ ಹಾಕಿದರೆ ತಳ ಹಿಡಿದು ಸುಟ್ಟ ವಾಸನೆ ಬರುತ್ತದೆ.

ಪ್ರಶ್ನೆ: ಅದೇ ಯಂತ್ರಕ್ಕೆ ಮುಚ್ಚಳ ಬದಲಿಸಿ ಸ್ಪಿರಿಟ್ ಇಳಿಸಬಹುದಂತೆ?

ನ್ಯೂಜಿಲೆಂಡಿನಲ್ಲಿ 1996ರಿಂದ ಮನೆಯಲ್ಲಿ ಇಳಿಸಿಕೊಳ್ಳಲು ಅನುಮತಿ ಇದೆ, ಅಂಥ ಮುಚ್ಚಳಗಳು ಅದಕ್ಕಾಗಿಯೇ ಮಾರಾಟಕ್ಕಿವೆ. ಆಸ್ಟ್ರೇಲಿಯಾದಲ್ಲಿ ಲೈಸೆನ್ಸ್ ಬೇಕು. ಕರ್ನಾಟಕದಲ್ಲಿ ಮಾತೇ ಇಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅದನ್ನು ಓದಿ ಬೆಳೆದವನಿಗೆ ಈ ಪ್ರಶ್ನೆ ಕಳಿಸಬೇಡಿ.

ಪ್ರಶ್ನೆ: ಯಂತ್ರ ತೊಳೆಯಲು ಏನು ಬಳಸಬೇಕು? ಅಮ್ಮ ಬಂದಿದ್ದಾರೆ, ಸ್ಟೀಲ್ ನಾರಿನಿಂದ ತಿಕ್ಕಿ ಬ್ಲೀಚ್ ಹಾಕಿದರೆ ಫಳಫಳ ಹೊಳೆಯುತ್ತದೆ ಅನ್ನುತ್ತಾರೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ, ನಾರನ್ನು ಕೈಯಿಂದ ಇಸಿದುಕೊಳ್ಳಿ. ಅದರ ಕಬ್ಬಿಣದ ಎಳೆ ಸ್ಟೀಲಿಗೆ ಅಂಟಿ ತುಕ್ಕು ಹಿಡಿಸುತ್ತದೆ, ಬ್ಲೀಚಿನ ಕ್ಲೋರಿನ್ ಸಣ್ಣ ಗುಳಿ ಕೊರೆಯುತ್ತದೆ. ಬಿಯರ್ ಮಾಡಿದ ದಿನವೇ, ಒಣಗುವ ಮೊದಲು, ಸೋಡಿಯಂ ಪರ್‌ಕಾರ್ಬೋನೇಟ್ ಕರಗಿಸಿದ 60 ಡಿಗ್ರಿ ನೀರನ್ನು ಅರ್ಧ ಗಂಟೆ ಪಂಪಿನಲ್ಲಿ ಸುತ್ತಿಸಿ, ಆಮೇಲೆ ಬರೀ ನೀರು ಎರಡು ಸಲ. ಪಂಪಿನ ತಲೆ ಬಿಚ್ಚಿ ಒಳಗೆ ಸಿಕ್ಕಿದ ಹೊಟ್ಟು, ಹಾಪ್ಸ್ ಚೂರು ತೆಗೆಯಿರಿ, ಬಿಚ್ಚುವ ಮುನ್ನ ಪ್ಲಗ್ ಕಿತ್ತಿರಲಿ.