ಎಲ್ಲರೂ ತವರಿಗೆ ಬಂದರೆ ಸೊಸೆ ಎಲ್ಲಿಗೆ ಹೋಗಬೇಕು?

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಒಬ್ಬರ ಕಥೆ ಇದು. ಹೆಸರು, ಕೆಲಸ, ಮನೆಯ ಗುರುತು ಸಿಗುವ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ.

ಲೀನಾ ಎಂದು ಕರೆಯೋಣ. ನಲವತ್ತು ದಾಟಿದ ಶಿಕ್ಷಕಿ, ಮಂಗಳೂರಿನ ಹೊರವಲಯದ ಕೊಂಕಣಿ ಕ್ಯಾಥೊಲಿಕ್ ಮನೆಯ ಸೊಸೆ. ಗಂಡ ಕಿರಿಯ ಮಗ. ಹಳೆ ಮನೆಯಲ್ಲಿ ಅತ್ತೆಯ ಜೊತೆ ಉಳಿದವರು ಇವರೇ. ಬಾವನ ಸಂಸಾರ ಬೆಂಗಳೂರಿನಲ್ಲಿ, ನಾದಿನಿಯದು ದುಬೈಯಲ್ಲಿ. ಅಲ್ಲಿನ ಶಾಲೆಗಳಿಗೆ ಡಿಸೆಂಬರ್‌ನಲ್ಲಿ ಚಳಿಗಾಲದ ರಜೆ. ಹಾಗಾಗಿ ಪ್ರತಿ ಕ್ರಿಸ್ಮಸ್‌ಗೂ ಎಲ್ಲರೂ ಬರುತ್ತಾರೆ, ಹೊಸ ವರ್ಷ ಮುಗಿಸಿಯೇ ಹೊರಡುತ್ತಾರೆ.

ಅವರು ನನ್ನ ಬಳಿ ಬಂದದ್ದು ನವೆಂಬರ್‌ನಲ್ಲಿ, ತಲೆನೋವು ಅಂತ. ಡಾಕ್ಟರು ಬಿಪಿ, ಕಣ್ಣು ಎಲ್ಲ ನೋಡಿ, ಏನೂ ಸಿಗದೆ ಕಳಿಸಿದ್ದರು. ಹಿಂದಿನ ವರ್ಷವೂ ಇದೇ ತಿಂಗಳಲ್ಲಿ ಶುರುವಾಗಿತ್ತಂತೆ. "ಮನೆಯ ಗೇಟಿಗೆ ನಕ್ಷತ್ರ ಕಟ್ಟುವಾಗಲೇ ನನಗೆ ಹೆದರಿಕೆ ಆಗ್ತದೆ ಮೇಡಂ. ಅವರೆಲ್ಲ ಒಳ್ಳೆಯವರೇ. ನನ್ನದೇ ಸಣ್ಣ ಮನಸ್ಸಾ ಅಂತ?"

ಇಂಥ ಪ್ರಶ್ನೆಗೆ ನಾನು ಕೂಡಲೇ ಉತ್ತರ ಕೊಡುವುದಿಲ್ಲ. ಕಳೆದ ವರ್ಷದ ಡಿಸೆಂಬರ್ 24ನ್ನು ಎದ್ದಲ್ಲಿಂದ ಮಲಗುವವರೆಗೆ ಹೇಳಿ ಎಂದೆ.

ಬೆಳಿಗ್ಗೆ ಐದಕ್ಕೆ ಎದ್ದು ಬಚ್ಚಲ ಒಲೆಗೆ ಬೆಂಕಿ. ಅತ್ತೆಗೆ ಗಂಜಿ, ದುಬೈ ಮಕ್ಕಳಿಗೆ ನೂಡಲ್ಸ್, ಉಳಿದವರಿಗೆ ದೋಸೆ. ಹತ್ತು ಗಂಟೆಗೆ ಎದ್ದವರಿಗೆ ಮತ್ತೆ ದೋಸೆ. ಮರುದಿನದ ಸಣ್ಣಕ್ಕೆ (ಇಡ್ಲಿಯಂಥ ತಿಂಡಿ) ಅಕ್ಕಿ ಅರೆಯಬೇಕು, ಹಂದಿ ಮಾಂಸ ತೊಳೆದು ಬಾಫತ್ ಎಂಬ ಮಸಾಲೆ ಸಾರು ಮಾಡಿಡಬೇಕು. ನೆರೆಕರೆಗೆ ಹಂಚುವ ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳ ತಟ್ಟೆಗಳು ಬೇರೆ: ನೆವ್ರಿ, ಕಿಡ್ಯೊ, ಗುಲಾಬಿ ಹೂ, ಗುಳಿಯೊ, ಚಕ್ಕುಲಿ. ಎಲ್ಲ ಅವರೇ ಹಿಂದಿನ ವಾರ ಶಾಲೆಯಿಂದ ಬಂದು ರಾತ್ರಿ ಕೂತು ಮಾಡಿದ್ದು. ಕಿಡ್ಯೊ ಅಂದರೆ ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಹುಳದ ಹಾಗೆ ಸುರುಳಿ ಸುತ್ತಬೇಕು. ಒಂದೊಂದಾಗಿ. ಎರಡು ಕೆಜಿ ಹಿಟ್ಟಿಗೆ ಎಷ್ಟು ಸುರುಳಿ ಅಂತ ಮಾಡಿದವರಿಗೇ ಗೊತ್ತು. ಅದನ್ನು ಬಾಯಿಗೆ ಹಾಕಿಕೊಂಡ ಓರಗಿತ್ತಿ, "ಈ ಸಲ ಸ್ವಲ್ಪ ಗಟ್ಟಿ ಆಗಿದೆ ಅಲ್ವಾ" ಎಂದರಂತೆ.

ಸಂಜೆ ಚರ್ಚಿನಲ್ಲಿ ಕ್ಯಾರಲ್, ಬಲಿಪೂಜೆ (ಮಾಸ್). ಅಲ್ಲಿ ಮಾತ್ರ ಒಂದೂವರೆ ಗಂಟೆ ಕೂತಿದ್ದರು. "ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಎದುರು ನಿಂತು ಪ್ರಾರ್ಥನೆ ಮಾಡುದು ಬಿಟ್ಟು ಫ್ರಿಜ್‌ನಲ್ಲಿ ಜಾಗ ಉಂಟಾ ಅಂತ ಲೆಕ್ಕ ಹಾಕ್ತಿದ್ದೆ." ಮಲಗಿದ್ದು ರಾತ್ರಿ ಎರಡಕ್ಕೆ, ಹಾಲ್‌ನ ನೆಲದ ಮೇಲೆ. ಏಸಿ ಇದ್ದ ಅವರ ಕೋಣೆ ನಾದಿನಿಯ ಸಂಸಾರಕ್ಕೆ ಹೋಗಿತ್ತು.

ಯಾರೂ ಸಹಾಯ ಮಾಡುವುದಿಲ್ಲವಾ? ಕೇಳುತ್ತಾರಂತೆ. ಅಡುಗೆಮನೆ ಬಾಗಿಲಲ್ಲಿ ನಿಂತು, "ಏನಾದ್ರೂ ಮಾಡ್ಬೇಕಾ?" ಲೀನಾ ಪ್ರತಿ ಸಲ "ಬೇಡ, ನೀವು ಕೂತ್ಕೊಳ್ಳಿ" ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಬಾಗಿಲಲ್ಲಿ ನಿಂತು ಕೇಳಿದ ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಕೇಳುವವರಿಗೂ ಅದು ಗೊತ್ತು.

ಇಷ್ಟೆಲ್ಲ ಹೇಳುವಾಗ ಲೀನಾ ಅಳಲಿಲ್ಲ. ನಿಮ್ಮ ತಾಯಿ ಎಲ್ಲಿರುತ್ತಾರೆ ಎಂದು ಸುಮ್ನೆ ಕೇಳಿದೆ, ಆಗ ಅತ್ತರು. ತಾಯಿ ಇರುವುದು ಬಸ್ಸಿನಲ್ಲಿ ಒಂದು ಗಂಟೆ ದೂರದಲ್ಲಿ, ಒಬ್ಬರೇ. ಮದುವೆಯಾದ ಮೇಲೆ ಒಂದು ಕ್ರಿಸ್ಮಸ್‌ಗೂ ಅಲ್ಲಿ ರಾತ್ರಿ ಉಳಿದಿಲ್ಲ. ನಾದಿನಿ ತವರಿಗೆ ಬಂದಿರುವಾಗ ಸೊಸೆ ಮನೆ ಬಿಟ್ಟು ಹೋಗುವುದು ಹೇಗೆ? ಅತ್ತೆಯ ಒಂದು ಮಾತಿಗೆ ಎಲ್ಲ ಚರ್ಚೆಯೂ ನಿಲ್ಲುತ್ತಿತ್ತು: "ಮುಂದಿನ ವರ್ಷ ನಾನು ಇರ್ತೇನೋ ಇಲ್ವೋ."

ಕೆಲಸದ ಭಾರ ನಿಜ, ಆದರೆ ತಲೆನೋವಿನ ಬೇರು ಇಲ್ಲಿತ್ತು ಅಂತ ನನಗನಿಸಿತು. ಒಬ್ಬಳ ತವರು ಹಬ್ಬ ನಡೆಯಲು ಇನ್ನೊಬ್ಬಳ ತವರು ಕತ್ತಲಲ್ಲಿ ಇರಬೇಕಿತ್ತು. ಅವರಿಗಿದ್ದ ಸ್ವಲ್ಪ ರಜೆಯೂ ಹೀಗೇ ಹೋಗುತ್ತಿತ್ತು. ಕರಾವಳಿಯ ಹಲವು ಕ್ರೈಸ್ತ ಶಾಲೆಗಳು ದಸರಾ ರಜೆಯಲ್ಲಿ ಕೆಲವು ದಿನ ಕಡಿತ ಮಾಡಿ ಕ್ರಿಸ್ಮಸ್‌ಗೆ ಕೊಡುತ್ತವೆ. ಅಂದರೆ ದಸರೆಯ ವಿಶ್ರಾಂತಿಯೂ ಅಡುಗೆಮನೆಗೇ ಜಮಾ.

ಖಿನ್ನತೆ ಇದೆಯಾ ಎಂದೂ ನೋಡಿದೆ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಒಟ್ಟು ಅಂಕ 27. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನಷ್ಟು ತಪಾಸಣೆ ಬೇಕು. ಲೀನಾ ಅದರ ಕೆಳಗಿದ್ದರು. ಎರಡು ವಾರ ಬಿಡದೆ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಸಾಯುವ ಯೋಚನೆ ಇಂಥದ್ದಿದ್ದರೆ ಹಬ್ಬ ಮುಗಿಯಲಿ ಅಂತ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಭೇಟಿಗೆ ಗಂಡನನ್ನೂ ಕರೆಸಿದೆ. ಪಾಪದ ಮನುಷ್ಯ. "ಅವಳು ನನಗೆ ಹೇಳ್ಲೇ ಇಲ್ಲ" ಎಂದರು. 24ರ ರಾತ್ರಿ ಹೆಂಡತಿ ಎಷ್ಟು ಗಂಟೆಗೆ ಮಲಗಿದರು ಎಂದು ಕೇಳಿದೆ. ಗೊತ್ತಿರಲಿಲ್ಲ. ಆಮೇಲೆ ಅವರೇ ಇನ್ನೊಂದು ವಿಷಯ ಬಾಯಿಬಿಟ್ಟರು. ಮನೆ ಇನ್ನೂ ತಾಯಿಯ ಹೆಸರಿನಲ್ಲಿದೆ. ಕೊನೆಗೆ ಕಿರಿಯವನಿಗೇ ಬರುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಹಾಗಾಗಿ ಅಣ್ಣ, ಅಕ್ಕ ಬಂದಾಗ ನೋಡಿಕೊಳ್ಳುವುದು ನಮ್ಮ ಮೇಲಿನ ಋಣ ಅಂತ ಅವರ ಲೆಕ್ಕ. ಆ ಋಣ ತೀರಿಸುತ್ತಿದ್ದವರು ಮಾತ್ರ ಹೆಂಡತಿ.

ನಾನು ಹೇಳಿದ ಮೊದಲ ಮಾತು: ಅಣ್ಣ, ಅಕ್ಕನ ಜೊತೆ ಮಾತಾಡಬೇಕಾದವರು ನೀವು, ಲೀನಾ ಅಲ್ಲ. ಸೊಸೆ ಹೇಳಿದರೆ ದೂರು ಆಗುತ್ತದೆ, ತಮ್ಮ ಹೇಳಿದರೆ ವ್ಯವಸ್ಥೆ ಆಗುತ್ತದೆ. ಅನ್ಯಾಯ ಹೌದು, ಆದರೆ ಸದ್ಯ ಇರುವುದು ಹೀಗೆ. ಅದೂ ಅವರು ಬಂದಿಳಿಯುವ ಮೊದಲೇ, ಫೋನಿನಲ್ಲಿ. ಬಂದ ಮೇಲೆ ಹೇಳಿದರೆ ಹಬ್ಬ ಹಾಳು ಮಾಡಿದ ಹೆಸರು ಬರುತ್ತದೆ.

ಎರಡನೆಯದು, 26ರ ಮಧ್ಯಾಹ್ನದಿಂದ ಎರಡು ರಾತ್ರಿ ಲೀನಾ ಮತ್ತು ಮಕ್ಕಳು ತವರಿನಲ್ಲಿ. ಇದನ್ನು ಕೇಳುವುದಲ್ಲ, ತಿಳಿಸುವುದು. "ಅಮ್ಮ, ಈ ಸಲ ಲೀನಾ ಅವಳ ಅಮ್ಮನ ಮನೆಗೆ ಹೋಗಿ ಬರ್ತಾಳೆ" ಎಂಬ ವಾಕ್ಯವನ್ನು ಗಂಡನಿಂದ ನನ್ನ ಎದುರೇ ಹೇಳಿಸಿದೆ. ಮೊದಲ ಸಲ ಕೊನೆಯಲ್ಲಿ "ಆಗ್ಬಹುದಾ" ಸೇರಿಸಿದರು. ತೆಗೆಸಿದೆ.

ಉಳಿದದ್ದು ಸಣ್ಣಪುಟ್ಟದ್ದು. ಮಲಗುವ ಕೋಣೆ ಬಿಟ್ಟುಕೊಡುವುದು ಬೇಡ. ಕುಸ್ವಾರ್‌ನಲ್ಲಿ ಎರಡೇ ಬಗೆ ಮನೆಯಲ್ಲಿ, ಉಳಿದದ್ದು ಬೇಕರಿಯಿಂದ. ಕಿಡ್ಯೊ ಎಲ್ಲರೂ ಬಂದ ಮೇಲೆ ಮಕ್ಕಳನ್ನೂ ಕೂರಿಸಿಕೊಂಡು ಮಾಡುವುದು. ಪಾತ್ರೆಗೆ ಹತ್ತು ದಿನ ಒಬ್ಬರನ್ನು ಇಟ್ಟು, ಸಂಬಳ ಮೂರೂ ಸಂಸಾರ ಹಂಚಿಕೊಳ್ಳುವುದು. ಇನ್ನು ಬಾಗಿಲಲ್ಲಿ ಯಾರಾದರೂ ಏನು ಮಾಡಲಿ ಎಂದರೆ, ಕೈಗೆ ಒಂದು ಕೆಲಸ ಕೊಡಬೇಕು: "ಈ ತೆಂಗಿನಕಾಯಿ ತುರೀರಿ." ಇದು ಲೀನಾಗೆ ಎಲ್ಲಕ್ಕಿಂತ ಕಷ್ಟವಾಯಿತು. ನನ್ನ ಕೋಣೆಯಲ್ಲಿ ಹೇಳುವಾಗಲೂ ನಕ್ಕುಬಿಡುತ್ತಿದ್ದರು.

ನಾದಿನಿಯ ಪರವಾಗಿಯೂ ಒಂದು ಮಾತು ಹೇಳಿದೆ. ವರ್ಷಕ್ಕೊಮ್ಮೆ ಅಮ್ಮನ ಮನೆಗೆ ಬರುವವರಿಗೆ ಅಲ್ಲಿ ಕಾಲು ಚಾಚಿ ಕೂರುವ ಆಸೆ ತಪ್ಪಲ್ಲ. ಲೀನಾಗೆ ಬೇಕಿದ್ದದ್ದೂ ಅದೇ ಅಲ್ವಾ.

ಜನವರಿಯಲ್ಲಿ ಇಬ್ಬರೂ ಬಂದರು. ಎಲ್ಲ ಸುಸೂತ್ರ ಆಗಿರಲಿಲ್ಲ. ಬೇಕರಿ ಡಬ್ಬ ನೋಡಿ ಓರಗಿತ್ತಿ "ಮನೆ ಈಗ ಹೋಟೆಲ್ ಆಯ್ತು" ಎಂದರಂತೆ. ಅತ್ತೆ ಒಂದು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಬಾವ ಸಂಬಳದ ಪಾಲು ಇನ್ನೂ ಕೊಟ್ಟಿಲ್ಲ. ಆದರೆ ಕಿಡ್ಯೊ ಸುತ್ತಲು ದುಬೈ ಮಕ್ಕಳು ಜಗಳ ಮಾಡಿಕೊಂಡು ಕೂತರು. ನಾದಿನಿ ಕಾಯಿ ತುರಿಯುತ್ತಾ, ಅಲ್ಲಿನ ಕೆಲಸ ಹೋಗುವ ಭಯದ ಬಗ್ಗೆ ಮೊದಲ ಸಲ ಲೀನಾ ಜೊತೆ ಮಾತಾಡಿದರು. 26ಕ್ಕೆ ಲೀನಾ ತವರಿಗೆ ಹೋದರು. ಬಾಫತ್ ಪುಡಿಯ ಡಬ್ಬ ಎಲ್ಲಿದೆ ಎಂದು ಅತ್ತೆ ಅಲ್ಲಿಗೆ ಮೂರು ಸಲ ಫೋನ್ ಮಾಡಿದರಂತೆ. ತಲೆನೋವು ಹಬ್ಬದಲ್ಲಿ ಒಂದೆರಡು ಸಲ ಬಂತು, ಮಾತ್ರೆಗೆ ಹೋಯಿತು.

ಮನೆ ಯಾರ ಹೆಸರಿಗೆ ಎಂಬ ಮಾತು ಹಾಗೆಯೇ ಉಳಿದಿದೆ. ಹಬ್ಬದ ಊಟಕ್ಕೆ ಕೂತಾಗ ಅದನ್ನು ಎತ್ತಲೇಬೇಡಿ ಎಂದಿದ್ದೆ, ಎತ್ತಲಿಲ್ಲ. ಮೊದಲು ಗಂಡ ಒಬ್ಬರೇ ವಕೀಲರನ್ನು ಕಂಡು ಕಾಗದಪತ್ರ ತೋರಿಸಲಿ, ತಾಯಿಯ ಮನಸ್ಸಿನಲ್ಲಿ ಏನಿದೆ ಎಂದು ಕೇಳಲಿ, ಆಮೇಲೆ ಮೂವರೂ ಒಡಹುಟ್ಟಿದವರು ಕೂತು ಮಾತಾಡಲಿ ಎಂದು ಹೇಳಿ ಕಳಿಸಿದ್ದೇನೆ. ಫೆಬ್ರವರಿಯಲ್ಲಿ ಮತ್ತೆ ಬರುತ್ತಾರೆ.