ಮುಷ್ಟಿಯೊಳಗಿನ ಹೆಬ್ಬೆರಳು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.)

ಮಂಡ್ಯ ಹತ್ತಿರದ ಹಳ್ಳಿಯವರು. ಕಬ್ಬು ಬೆಳೆಗಾರರು, ವಯಸ್ಸು 50ರ ಆಸುಪಾಸು. ಆಪ್ತಸಮಾಲೋಚನೆಗೆ ಅಂತ ನನ್ನ ಬಳಿ ಕರೆದುಕೊಂಡು ಬಂದವರು ಹೆಂಡತಿ. "ಮೇಡಂ, ಏನಾದ್ರೂ ಕೇಳಿದ್ರೆ ನಮ್ಮನೆಯವ್ರು ಬೆನ್ನು ತಿರುಗಿಸ್ಕೊಂಡು ನಿಂತ್ಕೋತಾರೆ. ಮುಷ್ಟಿ ಕಟ್ತಾರೆ. ನಂಗೆ ಎದೆ ಧಸಕ್ ಅನ್ನುತ್ತೆ."

ಮೊದಲು ಆಕೆಯನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳಿದೆ, ಯಾವತ್ತಾದರೂ ಕೈ ಮಾಡಿದ್ದಾರಾ ಅಂತ. ಗಂಡನ ಎದುರು ಕೇಳುವ ಪ್ರಶ್ನೆ ಅಲ್ಲ ಅದು. ಒಂದು ದಿನಾನೂ ಇಲ್ಲ ಅಂದರು.

ಆಮೇಲೆ ಇಬ್ಬರೂ ಬಂದು ಕೂತರು. ಗಂಡ ಕುರ್ಚಿಯ ತುದಿಯಲ್ಲಿ, ಹೆಗಲ ಟವಲ್ ತೊಡೆ ಮೇಲೆ. ನಾಲೆ ನೀರು, ಈ ಸಲದ ಕಬ್ಬು ಅಂತ ಮಾತು ತೆಗೆದೆ. ಗದ್ದೆಯ ಅಗಲ ತೋರಿಸಲು ಎರಡು ತೋಳೂ ಬಿಚ್ಚಿದರು. "ಮಗಳ ಮದುವೆ ಯಾವಾಗ?" ಅಂದೆ. ತೋಳು ಮಡಿಚಿಕೊಂಡವು. ಭುಜ ಕಿವಿಯ ಕಡೆ ಏರಿತು. ಮುಷ್ಟಿ ಕಟ್ಟಿದರು, ನಿಜ. ಆದರೆ ಹೆಬ್ಬೆರಳು ಒಳಗಿತ್ತು, ನಾಲ್ಕು ಬೆರಳೂ ಅದನ್ನು ಅವುಚಿಕೊಂಡಿದ್ದವು. ಹೊಡೆಯಲು ಹೊರಟವರು ಹೀಗೆ ಹಿಡಿಯೋದಿಲ್ಲ ಅಲ್ವಾ?

ಹಾಗಂತ ಇದು ಭಯವೇ ಅಂತ ನಾನು ತೀರ್ಮಾನಿಸುವ ಹಾಗಿಲ್ಲ. ಚಳಿಗೂ ಕೈ ಕಟ್ಟುತ್ತೇವೆ, ದೊಡ್ಡವರ ಮುಂದೆ ಗೌರವಕ್ಕೂ ಕಟ್ಟುತ್ತೇವೆ. ಅವರನ್ನೇ ಕೇಳಿದೆ: "ಈಗ ಕೈ ಬಿಗಿಯಾಯ್ತಲ್ಲ, ಒಳಗೇನಾಯ್ತು?"

ಸ್ವಲ್ಪ ಹೊತ್ತು ಟವಲ್ ಹಿಂಡಿದರು. "ಭಯ ಮೇಡಂ. ಸಾಲ ತೀರಿಲ್ಲ. ಇವಳ ಮುಖ ನೋಡಿದ್ರೆ ಎಲ್ಲಿ ಅತ್ತುಬಿಡ್ತೀನೋ ಅಂತ ತಿರುಕ್ಕೋತೀನಿ."

"ನಾನು ಸಿಟ್ಟು ಅಂದ್ಕೊಂಡಿದ್ನಲ್ಲಾ" ಅಂದರು ಆಕೆ.

ಸಾಲದ ಮಾತು ಬಂದ ಮೇಲೆ ಸುಮ್ನೆ ಬಿಡಬಾರದು. ಸಾಯುವ ಯೋಚನೆ ಬಂದಿದೆಯಾ ಅಂತ ಅವರೊಬ್ಬರೇ ಇದ್ದಾಗ ನೇರವಾಗಿ ಕೇಳಿದೆ. ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ನಂಬರನ್ನು ಇಬ್ಬರ ಫೋನಿಗೂ ಹಾಕಿಸಿದೆ.

ಮಗ ಯಾವುದೋ ವಿಡಿಯೋ ತೋರಿಸಿದ್ದನಂತೆ. ಸೊಂಟಕ್ಕೆ ಕೈಕೊಟ್ಟು, ಎದೆ ಸೆಟೆಸಿ ಎರಡು ನಿಮಿಷ ನಿಂತರೆ ಧೈರ್ಯ ಬರುತ್ತೆ ಅಂತ. ಆ ಮಾತು ಹುಟ್ಟಿದ್ದು 2010ರಲ್ಲಿ 42 ಜನರ ಮೇಲೆ ನಡೆದ ಅಧ್ಯಯನದಿಂದ. ಹಾರ್ಮೋನೇ ಬದಲಾಗುತ್ತೆ ಅಂದಿತ್ತು ಅದು. 2015ರಲ್ಲಿ ಬೇರೆಯವರು 200 ಜನರನ್ನಿಟ್ಟುಕೊಂಡು ನೋಡಿದರೆ ಹಾರ್ಮೋನು ಬದಲಾಗಲಿಲ್ಲ, ಧೈರ್ಯ ಬಂದಂತೆ ಅನ್ನಿಸಿತು ಅಷ್ಟೇ. "ನಿಂತರೆ ನಷ್ಟ ಇಲ್ಲ, ಸಾಲ ಅಂತೂ ತೀರಲ್ಲ" ಅಂದೆ. ಮೊದಲ ಸಲ ನಕ್ಕರು.

ಅವರಿಗೆ ಹೇಳಿದ್ದು ಇಷ್ಟು: ಭುಜ ಏರಿದ್ದು ಗೊತ್ತಾದ ಕೂಡಲೇ ಇಳಿಬಿಡಿ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿ, ಐದಾರು ಸಲ. ಉಸಿರು ಬಿಡುವಾಗ ಎದೆಬಡಿತ ತಾನಾಗೇ ಸ್ವಲ್ಪ ತಗ್ಗುತ್ತೆ. ತಿರುಗಿ ನಿಲ್ಲಬೇಕು ಅನ್ನಿಸಿದರೆ ನಿಲ್ಲಿ, ಆದರೆ "ಸಿಟ್ಟಲ್ಲ, ಆಮೇಲೆ ಹೇಳ್ತೀನಿ" ಅಂತ ಒಂದು ಮಾತು ಹೇಳಿ. ಆಕೆಗೆ ಹೇಳಿದ್ದು, ಬೆನ್ನು ನೋಡಿ ನೀವೇ ಅರ್ಥ ಕಟ್ಟಬೇಡಿ, ಕೇಳಿ. ದುಡ್ಡಿನ ಮಾತು ಎದುರುಬದುರು ಕೂತು ಬೇಡ. ಸಂಜೆ ನಾಲೆ ಏರಿ ಮೇಲೆ ಪಕ್ಕಪಕ್ಕ ನಡೀತಾ ಆಡಿ. ಮುಖ ನೋಡುವ ಒತ್ತಾಯ ಇಲ್ಲದಿದ್ದರೆ ಕೆಲವು ಗಂಡಸರಿಗೆ ಮಾತು ಹೊರಡುತ್ತೆ, ನಾನು ಕಂಡ ಮಟ್ಟಿಗೆ.

ಮೂರು ವಾರ ಬಿಟ್ಟು ಬಂದರು. ಸಾಲ ಅಷ್ಟೇ ಇದೆ. ಛತ್ರ ಬೇಡ, ಮನೆ ಮುಂದೆಯೇ ಚಪ್ಪರ ಹಾಕಿಸೋದು ಅಂತ ಏರಿ ಮೇಲೆ ತೀರ್ಮಾನವಾಯಿತಂತೆ.

"ಈಗ್ಲೂ ತಿರುಕ್ಕೋತಾರೆ ಮೇಡಂ" ಅಂದರು ಆಕೆ. "ನಾನೇ ಆ ಕಡೆ ಹೋಗಿ ನಿಂತ್ಕೋತೀನಿ."