ಪರಿಹಾರದ ಅರ್ಜಿಯಲ್ಲಿ ಮಾನ-ಮರ್ಯಾದೆಯ ಲೆಕ್ಕ ಯಾಕೆ?

ಹಾಸನದ ಓದುಗರಿಗೆ ನಮಸ್ಕಾರ.

ಕೋವಿಡ್‌ನಲ್ಲಿ ನಷ್ಟವಾದ ವ್ಯಾಪಾರಗಳಿಗೆ ಜಪಾನ್ ಸರ್ಕಾರ ಕೊಟ್ಟ ನೆರವಿನಿಂದ ಲೈಂಗಿಕ ಸೇವೆಯ ಉದ್ದಿಮೆಯನ್ನು ಹೊರಗಿಟ್ಟದ್ದು ತಪ್ಪು ಎಂದು ನಾವು ಹಾಕಿದ್ದ ಲೇಖನ ಓದಿ ಸಿಟ್ಟಾಗಿ ಬರೆದಿದ್ದೀರಿ. ‘ಲೈಂಗಿಕ ಸೇವೆಯ ವ್ಯಾಪಾರಕ್ಕೆ ಜನರ ತೆರಿಗೆ ದುಡ್ಡು ಕೊಡದೆ ಇದ್ದದ್ದೇ ಸರಿ’ ಎಂಬುದು ನಿಮ್ಮ ಮಾತು. ನಾನು ಒಪ್ಪುವುದಿಲ್ಲ.

2020ರ ಆ ನೆರವು ಸಿಗಲು ಒಂದು ತಿಂಗಳ ವ್ಯಾಪಾರ ಹಿಂದಿನ ವರ್ಷದ ಅದೇ ತಿಂಗಳಿನ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿರಬೇಕಿತ್ತು. ಕಂಪನಿಗೆ 20 ಲಕ್ಷ ಯೆನ್‌ವರೆಗೆ, ಒಬ್ಬರೇ ನಡೆಸುವ ಕಸುಬಿಗೆ 10 ಲಕ್ಷದವರೆಗೆ. ಅಂದರೆ ನೋಡಬೇಕಾದದ್ದು ನಷ್ಟವನ್ನು, ಅಲ್ವಾ? ಆದರೂ ಈ ಉದ್ದಿಮೆಯನ್ನು ಹೊರಗಿಟ್ಟರು. ಅವು ಕದ್ದುಮುಚ್ಚಿ ನಡೆಯುವ ಅಡ್ಡೆಗಳಲ್ಲ. ದುಡ್ಡಿಗೆ ಸಂಭೋಗ ಅಲ್ಲೂ ಕಾನೂನಿಗೆ ವಿರುದ್ಧವೇ. ಅದನ್ನು ಬಿಟ್ಟ ಸೇವೆಗಳನ್ನು ಅಧಿಕಾರಿಗಳಿಗೆ ತಿಳಿಸಿಯೇ ನಡೆಸುತ್ತಾರೆ, ತೆರಿಗೆಯನ್ನೂ ಕಟ್ಟಬೇಕು. ತೆರಿಗೆ ತೆಗೆದುಕೊಳ್ಳುವಾಗ ಇಲ್ಲದ ಮಡಿ ಕೊಡುವಾಗ ಎಲ್ಲಿಂದ ಬಂತು?

ಜಪಾನಿನ ಪಶ್ಚಿಮದ ಕನ್ಸಾಯ್ ಭಾಗದಲ್ಲಿ, ಸೇವೆ ಕೊಡುವವರನ್ನು ಗಿರಾಕಿ ಇದ್ದಲ್ಲಿಗೇ ಕಳಿಸುವ ಇಂಥ ಒಂದು ಕಂಪನಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೋರ್ಟಿಗೆ ಹೋಯಿತು. 2022ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯದಲ್ಲಿ ಸೋತಿತು, ಆಮೇಲೆ ಹೈಕೋರ್ಟಿನಲ್ಲೂ ಸೋತಿತು. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಈ ಮೊಕದ್ದಮೆ ಕೇಳಿದ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸರ್ಕಾರದ ಕಡೆ ನಿಂತರು. ಈ ಕೆಲಸ ಅಲ್ಲಿ ದುಡಿಯುವವರ ಘನತೆಗೆ ಧಕ್ಕೆ ತರಬಹುದು ಎಂಬುದು ಅವರು ಕೊಟ್ಟ ಒಂದು ಕಾರಣ. ನನಗೆ ತುಂಬಾ ನೋವಾದದ್ದು ಇಲ್ಲೇ. ದುಡಿಯುವವರ ಘನತೆಯ ಹೆಸರು ಹೇಳಿ, ಅವರು ದುಡಿಯುವ ಜಾಗಕ್ಕೆ ಬರಬೇಕಿದ್ದ ನೆರವನ್ನೇ ತಡೆದರು. ಕಾರು ಓಡಿಸುವವರು, ಫೋನ್ ಎತ್ತುವವರು ಕೂಡ ಅದೇ ವ್ಯಾಪಾರದಿಂದ ಅನ್ನ ತಿನ್ನುವವರು. ಮಿಯಾಗಾವಾ ಮಿತ್ಸುಕೋ ಎಂಬ ನ್ಯಾಯಮೂರ್ತಿ ಒಬ್ಬರೇ, ಇದು ಸಂವಿಧಾನಕ್ಕೆ ವಿರುದ್ಧ ಎಂದು ಬರೆದರು. ನಾನು ಅವರ ಪಕ್ಷ.

ಬೇರೆ ದಾರಿ ಇರಲಿಲ್ಲ ಅಂತಲೂ ಅಲ್ಲ. ಶಾಲೆ ಮುಚ್ಚಿದಾಗ ಮಕ್ಕಳಿಗಾಗಿ ಕೆಲಸಕ್ಕೆ ಹೋಗದೆ ಮನೆಯಲ್ಲಿ ಉಳಿದ ಪೋಷಕರಿಗೂ ಅದೇ ಸರ್ಕಾರ ನೆರವು ತಂದಿತ್ತು. ಮೊದಲು ಈ ಕಸುಬಿನವರನ್ನು ಅದರಿಂದಲೂ ಬಿಟ್ಟಿದ್ದರು. ಟೀಕೆ ಜಾಸ್ತಿಯಾದ ಮೇಲೆ, 2020ರ ಏಪ್ರಿಲ್‌ನಲ್ಲಿ ಸೇರಿಸಿಕೊಂಡರು.

‘ಮಾಲೀಕರು ದುಡ್ಡು ನುಂಗಿ ಹೆಣ್ಣುಮಕ್ಕಳನ್ನು ಹಾಗೇ ಬಿಟ್ಟರೆ?’ ಎಂದೂ ಕೇಳಿದ್ದೀರಿ. ಈ ಭಯ ನನಗೂ ಇದೆ, ನಮ್ಮ ಲೇಖನ ಇದನ್ನು ಮುಟ್ಟಬೇಕಿತ್ತು. ಅದಕ್ಕೆ ಸಂಬಳ ಕೊಟ್ಟ ಲೆಕ್ಕ ತೋರಿಸಿ ಅಂತ ಷರತ್ತು ಹಾಕಬಹುದು. ಹಾಕುವುದಾದರೆ ನೆರವು ಪಡೆಯುವ ಹೋಟೆಲಿನವರಿಗೂ ಬಟ್ಟೆ ಅಂಗಡಿಯವರಿಗೂ ಅದೇ ಷರತ್ತು ಇರಲಿ.

— ಸಂಪಾದಕ